ಮಿಸೆರಿಕೊರ್ದಿಯೊಸೊ: ಮನೆಮಾತೋ, ಇಗರ್ಜಿಯ ಮಾತೋ? (ನಾಲ್ವರ ಹರಟೆ)

ಮಲ್ಲಿಗೆಪುರ: ಕರುಣಾಳು ಅನ್ನೋಕೆ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಮೂರರಲ್ಲೂ ಬರೆಯೋದು 'ಮಿಸೆರಿಕೊರ್ದಿಯೊಸೊ' ಅಂತಲೇ. ಒಂದಕ್ಷರ ವ್ಯತ್ಯಾಸವಿಲ್ಲ. ಮೂಲ ಲ್ಯಾಟಿನ್: 'ಮಿಸೆರ್' ಅಂದ್ರೆ ದುಃಖಿ, 'ಕೊರ್' ಅಂದ್ರೆ ಹೃದಯ. ತಾಯಿ ಆಸ್ತಿ ಮಕ್ಕಳಿಗೆಲ್ಲ ಸಮನಾಗಿ ಹಂಚಿಹೋಗಿದೆ ನೋಡಿ.

ಹಳೇಪೇಟೆ: ಅಷ್ಟೊಂದು ಹೋಲಿಕೆಯೇ ಅನುಮಾನ ಹುಟ್ಟಿಸುತ್ತೆ ಸರ್. ಸಾವಿರ ವರ್ಷ ಜನರ ಬಾಯಲ್ಲಿ ಓಡಾಡಿದ ಪದ ಸವೆಯದೆ ಇರುತ್ತಾ? ಲ್ಯಾಟಿನ್ 'ಕೊರ್ದಾ' ಸ್ಪ್ಯಾನಿಷ್‌ನಲ್ಲಿ 'ಕ್ವೆರ್ದಾ' (ಹಗ್ಗ) ಆಯ್ತು. 'ಮಿಸೆರಿಕೊರ್ದಿಯಾ'ದಲ್ಲೂ (ಕರುಣೆ) ಒತ್ತು ಅದೇ 'ಕೊರ್' ಮೇಲಿದೆ, ಆದ್ರೂ 'ಕ್ವೆರ್' ಆಗಲಿಲ್ಲ. ಪಾದ್ರಿಗಳು ಪುಸ್ತಕದಿಂದ ಎತ್ತಿಕೊಂಡದ್ದು. ನಮ್ಮ ಲೆಕ್ಕದಲ್ಲಿ ತತ್ಸಮ, ತದ್ಭವ ಅಲ್ಲ.

ಕಾವೇರಿತೀರ: ಸವೆದದ್ದು ಬೇಕಾದ್ರೆ ಫ್ರೆಂಚಿನ 'ಪಿತೊ' ನೋಡಿ. ಕಡೆಗಾಲದ ಲ್ಯಾಟಿನ್ 'ಪಿಯೆತೋಸುಸ್'ನಿಂದ ಬಂದದ್ದು. ಮೊದಲು ಕನಿಕರ ಇರುವವನು, ಈಗ ಕನಿಕರ ಹುಟ್ಟಿಸುವಂಥ ದೈನೇಸಿ ಸ್ಥಿತಿ! ಸ್ಪ್ಯಾನಿಷ್‌ನವರಂತೂ ಎದುರಿನವರ ಮನಸ್ಸು ನೋಯದಿರಲಿ ಅಂತ ಹೇಳೋ ಸುಳ್ಳಿಗೆ 'ಮೆಂತಿರಾ ಪಿಯಾದೋಸಾ', ಅಂದ್ರೆ ಕರುಣೆಯ ಸುಳ್ಳು, ಅಂತಾರೆ. (ಈ ಪದ ನಮಗೂ ಬೇಕಿತ್ತು, ಮದುವೆ ಊಟ ಹೊಗಳೋಕೆ.)

ಮಲ್ಲಿಗೆಪುರ: ಪುಸ್ತಕದ ಪದವಾದರೇನು, ಬೀದಿಗೆ ಬಂದಿದೆಯಲ್ಲ? ಫ್ಲಾರೆನ್ಸ್‌ನ ಮಿಸೆರಿಕೊರ್ದಿಯಾ ಸಂಘ ತನ್ನ ಹುಟ್ಟನ್ನು 1244ಕ್ಕೆ ಒಯ್ಯುತ್ತೆ, ಇವತ್ತಿಗೂ ಆಂಬುಲೆನ್ಸ್ ಓಡಿಸುತ್ತೆ. ಲಿಸ್ಬನ್‌ನಲ್ಲಿ 1498ರಲ್ಲಿ ರಾಣಿ ಲಿಯೊನೋರ್ ಶುರುಮಾಡಿಸಿದ ಮಿಸೆರಿಕೊರ್ದಿಯಾ ಈಗ ಲಾಟರಿಯನ್ನೂ ನಡೆಸುತ್ತೆ.

ಹಳೇಪೇಟೆ: ಅದು ನಾಮಪದ, ಅದೂ ಸಂಸ್ಥೆಯ ಹೆಸರು. ನಾವು ಮಾತಾಡ್ತಿರೋದು ಗುಣವಾಚಕದ ಬಗ್ಗೆ. ಶಿಕ್ಷೆ ಕಡಿಮೆ ಮಾಡಿದ ಜಡ್ಜ್‌ಗೆ ಫ್ರೆಂಚರು 'ಕ್ಲೆಮಾಂ' ಅಂತಾರೆ, ಹಿತವಾದ ಹವೆಗೂ ಅದನ್ನೇ. ಅವರ 'ಮಿಝೆರಿಕೋರ್ದಿಯೊ' (ಇದೇ ಪದದ ಫ್ರೆಂಚ್ ರೂಪ) ದೇವರಿಗೆ ಮೀಸಲಾದಂತಿದೆ.

ಉತ್ತರದವ: ರೊಮೇನಿಯನ್ ಮರೆತಿರೇನ್ರೀ ಎಲ್ಲಾರೂ? ಅದೂ ಲ್ಯಾಟಿನ್ನಿನ ಮಗಳೇ. ಯೇಸುವಿನ ಗಿರಿಪ್ರವಚನದೊಳಗ 'ಕರುಣೆಯುಳ್ಳವರು' ಅನ್ನೋ ಜಾಗಾದಾಗ ಅವರು 'ಮಿಲೋಸ್ತಿವ್' ಅಂತಾರ, ಶುದ್ಧ ಸ್ಲಾವಿಕ್ (ರಷ್ಯನ್ ಕುಟುಂಬದ) ಪದ. ಅಲ್ಲಿ ಪೂಜಾಭಾಷೆ ಶತಮಾನಗಟ್ಟಲೆ ಸ್ಲಾವೊನಿಕ್ ಇತ್ತು. ಲ್ಯಾಟಿನ್ ಓದೋ ಪಾದ್ರಿ ಇಲ್ಲಂದ್ರ ಆ ತತ್ಸಮ ಎಲ್ಲಿಂದ ಬರಬೇಕು?

ಹಳೇಪೇಟೆ: ಇದನ್ನೇ ನಾನು ಹೇಳ್ತಿದ್ದದ್ದು ಗುರುಗಳೇ.

ಕಾವೇರಿತೀರ: ಪೂರ್ತಿ ಒಪ್ಪಲ್ಲ. ರೊಮೇನಿಯನ್ನರಿಗೆ 'ಇಂದುರತೋರ್' ಅಂತ ಇನ್ನೊಂದು ಪದ ಇದೆ, ಅರ್ಥ ಕರುಣಾಳು. ಬೇರು ಲ್ಯಾಟಿನ್ 'ಇಂದುರಾರೆ', ಅಂದ್ರೆ ಗಟ್ಟಿ ಮಾಡು!

ಮಲ್ಲಿಗೆಪುರ: ಗಟ್ಟಿ ಮಾಡೋದು ಕರುಣೆ ಹೇಗಾಯ್ತು ಮೇಡಂ?

ಕಾವೇರಿತೀರ: ನಡುವೆ 'ತಾಳಿಕೋ' ಇದೆ ಸರ್. ಇವತ್ತಿಗೂ ಅವರ ಆ ಒಂದೇ ಕ್ರಿಯಾಪದಕ್ಕೆ ತಾಳಿಕೊಳ್ಳೋದು, ಕರುಣೆ ತೋರೋದು ಎರಡೂ ಅರ್ಥ ಇವೆ.