ಸಹಾಯ ಬೇಕು: ಬಿಸಿಎ, ಬಿಇ, ಬಿಕಾಂ, ಯಾವುದಕ್ಕೆ ಕೆಲಸ ಬೇಗ?

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಅಕ್ಕನ ಮಗಳು ಕಲಬುರಗಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಅವಳಿಗೆ ಬಿಸಿಎ ಮೇಲೆ ಮನಸ್ಸು. ಅವರಪ್ಪ ಬಿಇ ಕಂಪ್ಯೂಟರ್ ಸೈನ್ಸೇ ಆಗಬೇಕು ಅನ್ನುತ್ತಾರೆ, ಫೀಸ್ ಮಾತು ಬಂದರೆ ಸುಮ್ಮನಾಗುತ್ತಾರೆ. ನನಗೆ ಬಿಕಾಂ ವಾಸಿ ಅನಿಸುತ್ತದೆ. ಇಲ್ಲಿ ತೊಗರಿ ಬೇಳೆ ಮಿಲ್‌ಗಳಿವೆ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಟ್ಯಾಲಿ, ಜಿಎಸ್‌ಟಿ ಗೊತ್ತಿದ್ದವರು ಎಲ್ಲ ಕಡೆ ಬೇಕು, ಅಲ್ವಾ? ನರ್ಸಿಂಗ್ ಹೇಳಬೇಡಿ, ರಕ್ತ ಕಂಡರೆ ಹೆದರುತ್ತಾಳೆ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ಕಾಲೇಜು ಸೀಟಿಗೆ, ಸರ್ಕಾರಿ ನೌಕರಿಗೆ ಆಗುತ್ತದೆ. ಖಾಸಗಿ ಕಂಪನಿಯಲ್ಲಿ ಅದು ನಡೆಯುವುದಿಲ್ಲ. ಅದಕ್ಕೇ ಈ ಚಿಂತೆ.

ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಬಿಸಿಎ ಆದವರನ್ನು ಬಿಇ ಆದವರ ಜೊತೆಗೇ ಇಂಟರ್‌ವ್ಯೂಗೆ ಕರೆಯುತ್ತೀರಾ? ಸಂಬಳದಲ್ಲಿ ಫರಕ್ ಜಾಸ್ತಿನಾ? ಡಿಗ್ರಿ ಜೊತೆ ಇನ್ನೇನು ಕಲಿತಿರಬೇಕು?