ಹಸುವಿಗೆ 105 ಡಿಗ್ರಿ ಜ್ವರ, ಗಂಜಲ ಕೆಂಪಿಲ್ಲ. ಇದು ಉಣ್ಣೆ ಜ್ವರವೇ?

ಫೋಂಡಾದಿಂದ:
ನಮ್ಮೂರು ಖಾನಾಪುರದ ಕಡೆ, ಈಗ ಗೋವಾದ ಫೋಂಡಾ ಹತ್ತಿರ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಸಾಕಿದ್ದೇವೆ. ಕರು ಹಾಕಿ ಮೂರು ವಾರವಾದ ಹಸುವಿಗೆ ನಾಲ್ಕು ದಿನದಿಂದ ಜ್ವರ. ಇಂಜೆಕ್ಷನ್ ಕೊಟ್ಟರೆ ರಾತ್ರಿ ಇಳಿಯುತ್ತದೆ, ಬೆಳಿಗ್ಗೆ ಮತ್ತೆ 105. ಹನ್ನೆರಡು ಲೀಟರ್ ಹಾಲು ನಾಲ್ಕಕ್ಕೆ ಬಂದಿದೆ. ಉಣ್ಣೆ ಜ್ವರ ಅಂದರೆ ಗಂಜಲ ಕಾಫಿ ಬಣ್ಣ ಆಗಬೇಕು ಅಲ್ವಾ? ಹಾಗೇನೂ ಆಗಿಲ್ಲ. ಪಕ್ಕದವರು ಬೆರೆನಿಲ್ ಹಾಕಿಸು ಅನ್ನುತ್ತಾರೆ. ಹಾಕಿಸಲಾ?

ಪುಣೆಯಿಂದ:
ಸುಮ್ನೆ ಹಾಕಿಸಬೇಡಿ ಅಣ್ಣಾ. ಕಾಫಿ ಬಣ್ಣದ ಗಂಜಲ ಬಬೇಸಿಯಾ ಅನ್ನುವ ಉಣ್ಣೆ ಕಾಯಿಲೆಯ ಗುರುತು, ಬೆರೆನಿಲ್ ಅದರ ಔಷಧಿ. ಉಣ್ಣೆಯಿಂದ ಥೈಲೇರಿಯಾ ಅನ್ನುವ ಇನ್ನೊಂದು ಕಾಯಿಲೆಯೂ ಬರುತ್ತದೆ, ಮಿಶ್ರತಳಿಗೆ ಜಾಸ್ತಿ. ಅದರಲ್ಲಿ ಗಂಜಲ ಸಾಮಾನ್ಯವಾಗಿ ಕೆಂಪಾಗಲ್ಲ, ಬೆರೆನಿಲ್ ಅದಕ್ಕೆ ನಾಟಲ್ಲ. ಈಗಲೇ ಹೆಗಲಿನ ಮುಂದೆ, ಕುತ್ತಿಗೆ ಸೇರುವ ಕಡೆ ಚರ್ಮದ ಕೆಳಗೆ ಕೈಯಾಡಿಸಿ ನೋಡಿ, ಗಡ್ಡೆ ಊದಿದೆಯಾ? ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳುಚಿದೆಯಾ? ಡಾಕ್ಟರಿಗೆ ಹೇಳಿ ಔಷಧಿ ಕೊಡುವ ಮೊದಲೇ ಕಿವಿಯ ರಕ್ತದ ಸ್ಲೈಡ್ ತೆಗೆಸಿ, ಗಡ್ಡೆಯಿಂದಲೂ ಸೂಜಿಯಲ್ಲಿ ಒಂದು ಹನಿ. ಸ್ಲೈಡಿಗೆ ಜೀಮ್ಸಾ ಅನ್ನುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯಾವ ಕಾಯಿಲೆ ಅಂತ ಗೊತ್ತಾಗುತ್ತದೆ. ನಾವು ಹೋದ ವರ್ಷ ಊಹೆಯ ಮೇಲೆ ಮೂರು ದಿನ ಕಳೆದು ಒಂದು ಪಡ್ಡೆ ಕಳೆದುಕೊಂಡೆವು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫೋಂಡಾದಿಂದ:
ಗಡ್ಡೆ ಇದೆ ಅಕ್ಕಾ, ನಿಂಬೆಹಣ್ಣಿಗಿಂತ ದೊಡ್ಡದು, ಮುಟ್ಟಿದರೆ ಹಸು ಸರಿಯುತ್ತದೆ. ಸ್ಲೈಡಿನಲ್ಲಿ ಥೈಲೇರಿಯಾ ಅಂತಲೇ ಬಂತು.

ಪುಣೆಯಿಂದ:
ಹಾಗಾದರೆ ಬುಪರ್ವಕ್ವೋನ್. ಒಂದು ಕಿಲೋ ತೂಕಕ್ಕೆ 2.5 ಮಿಲಿಗ್ರಾಂ, ಅಂದರೆ 400 ಕಿಲೋ ಹಸುವಿಗೆ 5% ಔಷಧಿ 20 ಮಿಲಿ, ಕುತ್ತಿಗೆಯ ಮಾಂಸದಲ್ಲಿ ಆಳಕ್ಕೆ, ಎರಡು ಜಾಗದಲ್ಲಿ ಹಂಚಿ. ಡಾಕ್ಟರೇ ಕೊಡಲಿ. ಜ್ವರ ಇಳಿಯದಿದ್ದರೆ 48ರಿಂದ 72 ಗಂಟೆಯಲ್ಲಿ ಇನ್ನೊಂದು ಸಲ ಬೇಕಾಗಬಹುದು. ಹಸುವನ್ನು ನಡೆಸಬೇಡಿ, ನೆರಳಲ್ಲಿ ಕಟ್ಟಿ. ರಕ್ತ ತೀರಾ ಇಳಿದಿದ್ದರೆ ಬೇರೆ ಹಸುವಿನ ರಕ್ತ ಕೊಡಿಸುವ ಬಗ್ಗೆ ಕೇಳಿ.

ಫೋಂಡಾದಿಂದ:
ಆ ಇಂಜೆಕ್ಷನ್ ಕೊಡಿಸಿ ಇವತ್ತು ಮೂರನೇ ದಿನ, ಜ್ವರ 102ಕ್ಕೆ ಬಂದಿದೆ. ಬೆಳಿಗ್ಗೆ ಹಸಿ ಹುಲ್ಲಿಗೆ ಬಾಯಿ ಹಾಕಿ ಆಮೇಲೆ ಮೆಲುಕು ಹಾಕಿತು, ಮನೆಯವರೆಲ್ಲ ನೋಡುತ್ತಾ ನಿಂತುಬಿಟ್ಟೆವು. ಮೈಯ ಉಣ್ಣೆಯೆಲ್ಲ ಕಿತ್ತಿದ್ದೇವೆ, ಸಾಕಾ?

ಪುಣೆಯಿಂದ:
ಸಾಕಾಗಲ್ಲ. ರಾತ್ರಿ ಟಾರ್ಚ್ ಹಿಡಿದು ಕೊಟ್ಟಿಗೆಯ ಚಿರೆಕಲ್ಲಿನ ಸಂದು ನೋಡಿ, ಮೊಟ್ಟೆ ಅಲ್ಲೇ ಇರುತ್ತದೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಉಳಿದ ಮೂರಕ್ಕೂ ದಿನಾ ಎರಡು ಹೊತ್ತು ಥರ್ಮಾಮೀಟರ್ ಇಡಿ.