ಸ್ಟಾಪ್ ಸೈನ್ ಕೇಳಿದರೆ ಕೌಂಟಿಯವರು ಕಡತ ಮುಚ್ಚುತ್ತಾರೆ, ಏನು ಮಾಡಲಿ?

ಪ್ರಶ್ನೆ:

ಮೇಡಂ, ನಮಸ್ಕಾರ. ನೀವು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ರಸ್ತೆ ವಿಭಾಗದಲ್ಲಿ ಸಂಚಾರ ಎಂಜಿನಿಯರ್ ಆಗಿ ನಿವೃತ್ತರಾದವರೆಂದು ತಿಳಿದು ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ನಾವು ಮನೆ ಕೊಂಡು ಮೂರು ವರ್ಷವಾಯಿತು. ನಮ್ಮ ಬೀದಿಯ ತಿರುವಿನಲ್ಲೇ ಶಾಲೆಯ ಬಸ್ ನಿಲ್ಲುತ್ತದೆ. ಬೆಳಿಗ್ಗೆ ಏಳೂವರೆಯಾದರೆ ಸಾಕು, ಹೆದ್ದಾರಿಯ ಸಾಲು ತಪ್ಪಿಸಿಕೊಳ್ಳಲು ಕಾರುಗಳು ಇಲ್ಲಿಗೆ ನುಗ್ಗುತ್ತವೆ. ಕಳೆದ ತಿಂಗಳು ಒಂದು ಕಾರು ನಮ್ಮ ಅಂಚೆ ಡಬ್ಬಿಯನ್ನು ಕಂಬದ ಸಮೇತ ಕಿತ್ತುಕೊಂಡು ಹೋಯಿತು. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮಗಳು ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು.

ಸಿಟಿಗೆ ಫೋನ್ ಮಾಡಿದರೆ ಅದು ಕೌಂಟಿಯ ರಸ್ತೆ ಎಂದರು. ಕೌಂಟಿಯ ಆ್ಯಪ್‌ನಲ್ಲಿ ಮೂರು ಸಲ ಸ್ಟಾಪ್ ಸೈನ್, ಅಂದರೆ ವಾಹನ ನಿಲ್ಲಿಸಿಯೇ ಮುಂದೆ ಹೋಗಬೇಕೆನ್ನುವ ಫಲಕ, ಬೇಕೆಂದು ದೂರು ಹಾಕಿದೆ. ಮೂರು ಸಲವೂ ಬಂದದ್ದು ಒಂದೇ ಉತ್ತರ: ಪರಿಶೀಲಿಸಲಾಗಿದೆ, ಮುಕ್ತಾಯ. ಈಗ ನಲವತ್ತು ಮನೆಗಳ ಸಹಿ ಇದೆ. ಮುಂದಿನ ಮಂಗಳವಾರ ಕೌಂಟಿಯ ಆಡಳಿತ ಮಂಡಳಿಯ (ಬೋರ್ಡ್) ಸಭೆಗೆ ಹೋಗಿ ಗಲಾಟೆ ಮಾಡಿಯೇ ಬಿಡೋಣವೇ?

ಉತ್ತರ:

ಮಗು ಕ್ಷೇಮವಾಗಿದ್ದಾಳಲ್ಲ, ಅದು ಮೊದಲು.

ಇನ್ನು ನಿಮಗೆ ಹಿಡಿಸದ ಮಾತು ಹೇಳುತ್ತೇನೆ. ನಿಮ್ಮ ದೂರು ನನ್ನ ಮೇಜಿಗೆ ಬಂದಿದ್ದರೂ ಅದು ಮುಕ್ತಾಯವೇ ಆಗುತ್ತಿತ್ತು. ವೇಗ ತಗ್ಗಿಸಲು ಸ್ಟಾಪ್ ಸೈನ್ ನೆಡಬಾರದು ಎಂದು ನಾವು ಬಳಸುವ ಕೈಪಿಡಿಯೇ ಹೇಳುತ್ತದೆ. ಎಲ್ಲ ದಿಕ್ಕಿನಿಂದಲೂ ನಿಲ್ಲಿಸುವ ಸೈನ್ ಹಾಕಬೇಕಾದರೆ ಇಷ್ಟು ವಾಹನ ದಟ್ಟಣೆ ಇರಬೇಕು, ಅಥವಾ ಸೈನ್ ಇದ್ದಿದ್ದರೆ ತಪ್ಪಬಹುದಾಗಿದ್ದ ಅಪಘಾತಗಳು ನಿಗದಿತ ಅವಧಿಯಲ್ಲಿ ಇಷ್ಟಾದರೂ ದಾಖಲಾಗಿರಬೇಕು, ಹೀಗೆ ಲೆಕ್ಕಗಳಿವೆ. ಅಂಚೆ ಡಬ್ಬಿ ಹೋದದ್ದಕ್ಕೆ ನೀವು ಪೊಲೀಸ್ ವರದಿ ಬರೆಸಿದಿರಾ? ಬರೆಸಿಲ್ಲವೆಂದರೆ ಸರ್ಕಾರದ ಪಾಲಿಗೆ ಆ ಡಬ್ಬಿ ಇನ್ನೂ ಅಲ್ಲೇ ನಿಂತಿದೆ.

ಆದ್ದರಿಂದ ಮದ್ದಿನ ಹೆಸರು ಹೇಳಬೇಡಿ, ರೋಗ ಹೇಳಿ. "ಸ್ಟಾಪ್ ಸೈನ್ ಬೇಕು" ಎಂದರೆ ಗುಮಾಸ್ತರೂ ಇಲ್ಲವೆನ್ನಬಹುದು. "ಬಸ್ ನಿಲ್ದಾಣದ ಬಳಿ ಬೆಳಿಗ್ಗೆ ಏಳೂವರೆಯಿಂದ ಎಂಟೂಕಾಲರವರೆಗೆ ವಾಹನ ಎಣಿಸಿ, ವೇಗ ಅಳೆಯಿರಿ, ತಿರುವಿನಲ್ಲಿ ಎಷ್ಟು ದೂರ ಕಾಣುತ್ತದೆ ನೋಡಿ" ಎಂದು ಬರೆದುಕೊಟ್ಟರೆ ಯಾರಾದರೊಬ್ಬ ಎಂಜಿನಿಯರ್ ಗಾಡಿ ಹತ್ತಿ ಬರಲೇಬೇಕು. ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆ ಹಾಸಿ ಹೋಗುತ್ತಾರಲ್ಲ, ಅದೇ ಎಣಿಕೆ. ಶಾಲೆಗೆ ರಜೆ ಇರುವ ವಾರ ಹಾಸದಂತೆ ನೋಡಿಕೊಳ್ಳಿ. ನಮ್ಮವರೇ ಹಾಗೆ ಹಾಸಿ ಬಂದದ್ದುಂಟು.

ವೇಗಮಿತಿ ಇಳಿಸಿ ಎಂದು ಮಾತ್ರ ದುಡುಕಬೇಡಿ. ಮನೆಗಳಿರುವ ಬೀದಿಗೆ ಇಲ್ಲಿ ಗಂಟೆಗೆ 25 ಮೈಲಿ ಎಂಬುದು ಕಾನೂನಿನಲ್ಲೇ ಇದೆ. ಅದಕ್ಕಿಂತ ದೊಡ್ಡ ರಸ್ತೆಯಾದರೆ ಸಮೀಕ್ಷೆ ಮಾಡಿ ಮಿತಿ ನಿಗದಿ ಮಾಡುತ್ತಾರೆ. ನೂರು ಕಾರುಗಳನ್ನು ವೇಗದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಎಂಬತ್ತೈದನೆಯದರ ವೇಗ ಎಷ್ಟೋ, ಮಿತಿ ಅದರ ಆಸುಪಾಸಿನಲ್ಲಿ. ಅಂದರೆ ಜನ ಜೋರಾಗಿ ಓಡಿಸಿದಷ್ಟೂ ಮಿತಿ ಮೇಲೇರುತ್ತದೆ! 2021ರಲ್ಲಿ ರಾಜ್ಯ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಆದರೂ ಇಳಿಸಿ ಎಂದು ಕೇಳಿ ಏರಿಸಿಕೊಂಡ ಬೀದಿಗಳಿವೆ.

ವೇಗ ಮೀರಿದವರನ್ನು ಹಿಡಿಯಲು ಶೆರಿಫ್ ಕಚೇರಿಗೆ (ಕೌಂಟಿಯ ಪೊಲೀಸರಿಗೆ) ಫೋನ್ ಮಾಡುತ್ತಾ ಕೂರಬೇಡಿ. ಸಿಟಿಗೆ ಸೇರದ ಪ್ರದೇಶದಲ್ಲಿ ಸಂಚಾರ ನೋಡುವವರು ರಾಜ್ಯದ ಹೆದ್ದಾರಿ ಗಸ್ತಿನವರು. ಅವರ ಸ್ಥಳೀಯ ಕಚೇರಿಗೆ ದಿನ, ಗಂಟೆ, ಜಾಗ ಬರೆದು ಕಳಿಸಿ.

ಸಭೆಗೂ ಹೋಗಿ, ಬೇಡವೆನ್ನುವುದಿಲ್ಲ. ಸ್ಥಳೀಯ ಸಂಸ್ಥೆಗಳ ಸಭೆ ಹೇಗೆ ನಡೆಯಬೇಕೆಂದು ಹೇಳುವ ರಾಜ್ಯದ 1953ರ ಬ್ರೌನ್ ಕಾಯಿದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಅದರಲ್ಲಿ ಇಲ್ಲದ ವಿಷಯದ ಮೇಲೆ ಬೋರ್ಡ್ ತೀರ್ಮಾನ ಮಾಡುವಂತಿಲ್ಲ. ನಿಮ್ಮ ಬೀದಿ ಕಾರ್ಯಸೂಚಿಯಲ್ಲಿ ಇರುವುದಿಲ್ಲ. ಸಾರ್ವಜನಿಕರ ಮಾತಿಗೆ ಮೀಸಲಾದ ಹೊತ್ತಿನಲ್ಲಿ ಎರಡೋ ಮೂರೋ ನಿಮಿಷ ಮಾತನಾಡುತ್ತೀರಿ. ಅವರು ಮುಖ ನೋಡುತ್ತಾ ಕೂತಿರುತ್ತಾರೆ, ಕಲ್ಲಿನ ಬಸವನ ಹಾಗೆ. ಅದು ತಾತ್ಸಾರವಲ್ಲ, ಅವರ ಕೈ ಕಟ್ಟಿದೆ. ಆದರೆ ಸಿಬ್ಬಂದಿಗೆ ವಹಿಸಬಹುದು. ಹಾಗಾಗಿ ಕೊನೆಯ ವಾಕ್ಯ ಇದಾಗಿರಲಿ: "ಈ ತಿರುವಿನ ಅಧ್ಯಯನ ನಡೆಸಿ ವರದಿ ಕೊಡಲು ಸಿಬ್ಬಂದಿಗೆ ಸೂಚಿಸಿ."

ಇನ್ನೊಬ್ಬರ ಪ್ರಶ್ನೆ:

ನಮ್ಮ ಹಳ್ಳಿಯಲ್ಲಾದರೆ ಪಂಚಾಯಿತಿ ಸದಸ್ಯರನ್ನು ಬೆಳಿಗ್ಗೆ ಹೋಟೆಲಿನಲ್ಲೇ ಹಿಡಿಯುತ್ತಿದ್ದೆವು. ಇಲ್ಲಿ ಹಿಡಿಯುವುದು ಯಾರನ್ನು?

ಉತ್ತರ:

ಕರ್ನಾಟಕದಲ್ಲಿ ಸುಮಾರು 400 ಜನಕ್ಕೆ ಒಬ್ಬರು ಗ್ರಾಮ ಪಂಚಾಯಿತಿ ಸದಸ್ಯರು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಬ್ಬ ಸೂಪರ್‌ವೈಸರ್‌ಗೆ, ಅಂದರೆ ಬೋರ್ಡ್‌ನ ಒಬ್ಬ ಚುನಾಯಿತ ಸದಸ್ಯರಿಗೆ, ಹತ್ತಿರಹತ್ತಿರ ಇಪ್ಪತ್ತು ಲಕ್ಷ ಜನ. ಐದು ಸ್ಥಾನಗಳನ್ನು ಒಂಬತ್ತಕ್ಕೆ ಏರಿಸಲು ಅಲ್ಲಿನ ಮತದಾರರು 2024ರಲ್ಲಿ ಒಪ್ಪಿದ್ದಾರೆ, ಆಗಲೂ ಹೋಟೆಲಿನಲ್ಲಿ ಸಿಗುವುದು ಕಷ್ಟ. ನೀವು ಹಿಡಿಯಬೇಕಾದದ್ದು ಅವರ ಕಚೇರಿಯಲ್ಲಿ ನಿಮ್ಮ ಕ್ಷೇತ್ರ ನೋಡಿಕೊಳ್ಳುವ ಸಹಾಯಕರನ್ನು. ಅವರಿಂದ ಒಂದು ಇಮೇಲ್ ಬಂದರೆ ನಮ್ಮ ವಿಭಾಗದಲ್ಲಿ ಕುರ್ಚಿಗಳು ಸದ್ದು ಮಾಡುತ್ತಿದ್ದವು. ನೂರು ಸಹಿಗೂ ಅಷ್ಟು ಸದ್ದಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಮತ್ತೊಬ್ಬರ ಪ್ರಶ್ನೆ:

ನಾವು ಎಚ್-1ಬಿ ವೀಸಾದವರು. ಸಭೆಯಲ್ಲಿ ಮಾತನಾಡಬಹುದೇ? ನಮ್ಮ ಅತ್ತೆಯವರೇ ದಿನಾ ಮೊಮ್ಮಗನನ್ನು ಬಸ್ಸಿಗೆ ಬಿಡುವವರು, ಎಲ್ಲ ಕಣ್ಣಾರೆ ನೋಡಿದವರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

ಉತ್ತರ:

ಪೌರತ್ವ ಯಾರೂ ಕೇಳುವಂತಿಲ್ಲ. ಹಾಜರಾಗಲು ಹೆಸರು ಬರೆಸಲೇಬೇಕೆಂಬ ನಿಯಮವೂ ಇಲ್ಲ. ಮತ ಹಾಕುವುದು ಬೇರೆ, ಮಾತನಾಡುವುದು ಬೇರೆ. ಸಭೆಯ ವಿಡಿಯೊ ಸಾಮಾನ್ಯವಾಗಿ ಅಂತರ್ಜಾಲದಲ್ಲಿ ಉಳಿಯುತ್ತದೆ, ಅದು ಗೊತ್ತಿರಲಿ.

ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಕನ್ನಡದಲ್ಲೇ ಮಾತನಾಡಲಿ, ನೀವು ಪಕ್ಕದಲ್ಲಿ ನಿಂತು ಅನುವಾದಿಸಿ. ಕಾಲಮಿತಿ ಇಟ್ಟ ಸಭೆಯಲ್ಲಿ ದುಭಾಷಿಯ ಮೂಲಕ ಮಾತನಾಡುವವರಿಗೆ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು. ಮಾತಿನ ಜೊತೆಜೊತೆಗೇ ಅನುವಾದ ಕೇಳಿಸುವ ಉಪಕರಣ ಸಭಾಂಗಣದಲ್ಲಿದ್ದರೆ ಮಾತ್ರ ಈ ರಿಯಾಯಿತಿ ಇಲ್ಲ. ಈ ಸವಲತ್ತನ್ನು ನಮ್ಮವರು ಬಳಸಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಇನ್ನೊಬ್ಬರು:

ನಮ್ಮ ರಸ್ತೆ ಸಿಟಿಯದೋ ಕೌಂಟಿಯದೋ ತಿಳಿಯುವುದು ಹೇಗೆ? ವಿಳಾಸದಲ್ಲಿ ಸಿಟಿಯ ಹೆಸರೇ ಇದೆ.

ಉತ್ತರ:

ವಿಳಾಸವನ್ನು ನಂಬಬೇಡಿ, ಅದು ಅಂಚೆಯವರ ಅನುಕೂಲಕ್ಕೆ ಇರುವುದು. ಕೌಂಟಿಯ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಮನೆ ಹುಡುಕಿ. ಗಡಿಯೂ ಬದಲಾಗುತ್ತಿರುತ್ತದೆ. ನಮ್ಮವರು ಬಹಳ ಮಂದಿ ಇರುವ ಮೌಂಟನ್ ಹೌಸ್ 2024ರ ಜುಲೈ 1ರಂದು ತಾನೇ ಒಂದು ಸಿಟಿಯಾಯಿತು.

ಮೊದಲು ಕೇಳಿದವರು:

ಮೇಡಂ, ವಂದನೆಗಳು. ಡಬ್ಬಿಯ ವರದಿ ಬರೆಸಿರಲಿಲ್ಲ, ತಪ್ಪಾಯಿತು. ಮೂರು ದೂರುಗಳನ್ನು ಏನು ನೋಡಿ ಮುಚ್ಚಿದರೆಂದು ತಿಳಿಯಬಹುದೇ? ಊರಿನ ಆರ್‌ಟಿಐ ತರಹದ್ದೇನಾದರೂ ಇದೆಯೇ?

ಉತ್ತರ:

ಇದೆ. 1968ರಿಂದ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ. ಊರಿನಂತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಬೇಡ, ಮೂವತ್ತು ದಿನ ಕಾಯುವುದೂ ಬೇಡ. ದಾಖಲೆ ಕೊಡುತ್ತಾರೋ ಇಲ್ಲವೋ ಎಂದು ಹತ್ತು ದಿನದಲ್ಲಿ ತಿಳಿಸಬೇಕು, ಕೆಲವು ಸಂದರ್ಭಗಳಲ್ಲಿ ಇನ್ನು ಹದಿನಾಲ್ಕು ದಿನ ಮುಂದೂಡಬಹುದು. ಮೂರು ದೂರುಗಳ ಕಡತ, ಆ ರಸ್ತೆಯ ಹಿಂದಿನ ಎಣಿಕೆಗಳು, ಇಷ್ಟನ್ನು ಕೇಳಿ. ಯಾರೂ ಸ್ಥಳಕ್ಕೆ ಬಂದೇ ಇಲ್ಲವೆಂದು ಅದರಿಂದ ತಿಳಿದರೆ ಬೋರ್ಡ್ ಸಭೆಯಲ್ಲಿ ನಿಮ್ಮ ಮೊದಲ ವಾಕ್ಯ ಅದೇ.

ಅಂದ ಹಾಗೆ, ಆ ತಿರುವಿನಲ್ಲಿ ಗಿಡಗಂಟಿ ಏನಾದರೂ ಇದೆಯೇ? ಕಾರಿನವರಿಗೆ ಮಕ್ಕಳು ಎಷ್ಟು ದೂರದಿಂದ ಕಾಣುತ್ತಾರೆ?

ಮೊದಲು ಕೇಳಿದವರು:

ಈಗ ಹೋಗಿ ನೋಡಿ ಬಂದೆ. ಮೂಲೆಯಲ್ಲಿ ನನ್ನ ಎತ್ತರಕ್ಕಿಂತ ಹೆಚ್ಚಾಗಿ ಬೆಳೆದ ಕಣಗಿಲೆ ಬೇಲಿ. ಅದರ ಹಿಂದೆ ನಿಂತರೆ ನಾನೇ ಕಾಣುವುದಿಲ್ಲ, ಮಕ್ಕಳ ಮಾತೇನು. ಬೇಲಿ ಯಾರದ್ದೆಂದರೆ, ನಮ್ಮ ಅರ್ಜಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವರದ್ದು.

ಉತ್ತರ:

ಹಾಗಾದರೆ ಮಂಗಳವಾರದ ತನಕ ಕಾಯಬೇಡಿ. ಈ ಸಂಜೆಯೇ ಅವರ ಮನೆಗೆ ಹೋಗಿ, ಕೈಯಲ್ಲಿ ಏನಾದರೂ ಸಿಹಿ ಇರಲಿ. ಬೇಲಿ ಕತ್ತರಿಸುವ ಮೊದಲು ಒಂದು ಫೋಟೊ, ಕತ್ತರಿಸಿದ ಮೇಲೆ ಒಂದು ಫೋಟೊ ತೆಗೆದುಕೊಳ್ಳಿ. ಕಣಗಿಲೆಯ ಹಾಲು ವಿಷ, ಕೈಗವಸು ಮರೆಯಬೇಡಿ.